ಸ್ಟ್ಯಾಂಡ್ ತುಂಬಿತ್ತು, ಆದ್ರೂ ರೇಸ್ ಯಾಕೆ ನಿಂತುಹೋಯ್ತು?

ಕಳೆದ ತಿಂಗಳು ಚಿಕ್ಕಪ್ಪನ ಮಗಳು ಮನೆಗೆ ಬಂದಿದ್ದಳು. ಕೆಲಸಕ್ಕೆ ಸೇರಿ ಎರಡು ವರ್ಷ. ಫಾರ್ಮುಲಾ ಒನ್ ಹುಚ್ಚು ಹಿಡಿದು ಮೂರು ವರ್ಷ! ಭಾನುವಾರ ಸಂಜೆ ರೇಸ್ ಇದ್ದರೆ ಮನೆಯವರ ಫೋನೂ ಎತ್ತಲ್ಲ. ಈಗ ಸಿಂಗಪುರದ ರೇಸ್ ನೋಡೋಕೆ ಹೋಗಬೇಕಂತೆ. ಟಿಕೆಟ್, ವಿಮಾನ, ಹೋಟೆಲ್ ಎಲ್ಲ ಕೂಡಿಸಿ ನೋಡಿದಳು. ಒಂದೂವರೆ ತಿಂಗಳ ಸಂಬಳ ಹೋಗುತ್ತೆ ಅಂತ ಮುಖ ಸಣ್ಣಗೆ ಮಾಡಿಕೊಂಡು ಕೇಳಿದಳು.

‘ಅಣ್ಣ, ನೋಯ್ಡಾದಲ್ಲಿ ನಮ್ಮದೇ ಟ್ರ್ಯಾಕ್ ಇದೆಯಲ್ಲ. ನೀನೂ ಹೋಗಿದ್ದೆ ಅಲ್ವಾ? ಜನ ತುಂಬಿ ತುಳುಕ್ತಿದ್ರು ಅಂತ ನೀನೇ ಹೇಳ್ತೀಯ. ಮತ್ತೆ ಯಾಕೆ ನಿಂತುಹೋಯ್ತು?’

ಪ್ರಶ್ನೆ ಸರಳವಾಗಿದೆ. ಉತ್ತರ ಅಷ್ಟು ಸರಳವಲ್ಲ. ಯಾಕೆಂದ್ರೆ ಆ ಉತ್ತರದಲ್ಲಿ ನನ್ನದೂ ಸಣ್ಣ ಪಾಲಿದೆ.

ಬಲಿಪಾಡ್ಯಮಿ ಊಟ, ಕರ್ನಾಟಕ ಎಕ್ಸ್‌ಪ್ರೆಸ್

2011ರ ಅಕ್ಟೋಬರ್. ದೊಡ್ಡಮ್ಮನ ಮನೆಯಲ್ಲಿ ಬಲಿಪಾಡ್ಯಮಿ ಹೋಳಿಗೆ ಊಟ ಮುಗಿಸಿ, ಅದೇ ಸಂಜೆ ಮೂವರು ಗೆಳೆಯರು ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಗುರುವಾರ ಹತ್ತಿದ ರೈಲು ದೆಹಲಿ ಮುಟ್ಟಿಸಿದ್ದು ಶನಿವಾರ. ದಾರಿಯಲ್ಲಿರುವಾಗಲೇ ಸುದ್ದಿ ಬಂತು: ಶುಕ್ರವಾರದ ಅಭ್ಯಾಸದ ಹೊತ್ತಿಗೆ ಟ್ರ್ಯಾಕ್ ಮೇಲೆ ಬೀದಿನಾಯಿ ಓಡಾಡಿ, ಕಾರುಗಳನ್ನೇ ನಿಲ್ಲಿಸಬೇಕಾಯಿತಂತೆ. ಬೋಗಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ನಮ್ಮ ರೂಮ್‌ಮೇಟ್ ಮಾತ್ರ ಬರಲಿಲ್ಲ. ಅದೇ ಭಾನುವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕಾರ್ಯಕ್ರಮ ಇತ್ತು, ಅವನು ಅಲ್ಲಿಗೆ ಹೋದ.

ಅಕ್ಟೋಬರ್ 30, ಮಧ್ಯಾಹ್ನ 3 ಗಂಟೆ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸ ಮಾಡಿದ, ಐದು ಕಿಲೋಮೀಟರ್‌ಗಿಂತ ತುಸು ಉದ್ದದ ಟ್ರ್ಯಾಕ್. ಆಗಿನ್ನೂ ವಿ8 ಎಂಜಿನ್‌ಗಳ ಕಾಲ. ಸದ್ದು ಕಿವಿಗಲ್ಲ, ಎದೆಗೇ ಬಂದು ಬಡಿಯುತ್ತಿತ್ತು. ವೆಟ್ಟಲ್ ಗೆದ್ದ. ಗೆರೆ ದಾಟಿದಾಗ ಚೌಕುಳಿ ಬಾವುಟ ಬೀಸಿದ್ದು ಸಚಿನ್ ತೆಂಡುಲ್ಕರ್. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಹಿಂದಿನ ಸಾಲಿನ ಕಾರಿನಲ್ಲೇ ಓಡಿದರೂ, ಪ್ರತಿ ಸುತ್ತಿನಲ್ಲೂ ಜನ ಎದ್ದು ನಿಂತು ಕೂಗಿದರು. ಅಂದು ಸುಮಾರು 95 ಸಾವಿರ ಜನ ಸೇರಿದ್ದರು ಅಂತ ವರದಿಗಳು ಹೇಳಿದವು.

ಮರುವರ್ಷ ಆ ಸಂಖ್ಯೆ ಸುಮಾರು 65 ಸಾವಿರಕ್ಕೆ ಇಳಿಯಿತು. 2013ರಲ್ಲಿ ವೆಟ್ಟಲ್ ಅಲ್ಲೇ ತನ್ನ ನಾಲ್ಕನೇ ವಿಶ್ವ ಚಾಂಪಿಯನ್ ಪಟ್ಟ ಗೆದ್ದು, ಕಾರನ್ನು ಗಿರಗಿರನೆ ತಿರುಗಿಸಿ, ಕೆಳಗಿಳಿದು ಅದಕ್ಕೆ ನಮಸ್ಕಾರ ಹಾಕಿದ. ಅದೇ ಕೊನೆ. ಐದು ವರ್ಷದ ಒಪ್ಪಂದ, ನಡೆದದ್ದು ಮೂರೇ ರೇಸ್.

ಎರಡನೇ ವರ್ಷ ಬಾರದ ಆ 30 ಸಾವಿರ ಜನರಲ್ಲಿ ನಾನೂ ಒಬ್ಬ. ಕಾರಣ ದೊಡ್ಡದೇನಲ್ಲ. ಆ ವರ್ಷ ಊರ ಮನೆಗೆ ಹೆಂಚು ಬದಲಿಸಬೇಕಿತ್ತು. ರಜೆಯೂ ಮುಗಿದಿತ್ತು. ‘ಒಂದ್ಸಲ ನೋಡಿದೀವಲ್ಲ, ಸಾಕು’ ಅಂದುಕೊಂಡೆವು. ಟಿವಿಯಲ್ಲಿ ಹೇಗೂ ಬರುತ್ತಿತ್ತು.

ಡೇರೆ ಆಟದ ಲೆಕ್ಕ

ರೇಸ್ ಹಣದ ವಿಷಯವನ್ನ ತಂಗಿಗೆ ಹೇಗೆ ಹೇಳೋದು ಅಂತ ಯೋಚಿಸ್ತಿದ್ದಾಗ ನೆನಪಾಗಿದ್ದು ನಮ್ಮ ಕರಾವಳಿಯ ಯಕ್ಷಗಾನ. ಊರಿನ ಯಾವುದೋ ಸಂಘದವರು ಡೇರೆ ಮೇಳವನ್ನ ಕಂಟ್ರಾಕ್ಟ್ ಹಿಡೀತಾರೆ. ಮೇಳಕ್ಕೆ ಇಂತಿಷ್ಟು ಅಂತ ಮೊದಲೇ ಮಾತಾಗಿರುತ್ತೆ. ಟಿಕೆಟ್ ಮಾರೋದು ಸಂಘದವರ ಕೆಲಸ. ಜನ ಬಂದರೆ ಲಾಭ. ಮಳೆ ಬಂದರೆ, ಪಕ್ಕದೂರಲ್ಲಿ ಜಾತ್ರೆ ಇದ್ದರೆ, ನಷ್ಟ ಸಂಘದವರ ತಲೆಗೆ. ಮೇಳದ ದುಡ್ಡು ಮೇಳಕ್ಕೆ ಹೋಗಲೇಬೇಕು.

ಫಾರ್ಮುಲಾ ಒನ್ ಕೂಡ ಹೆಚ್ಚೂಕಮ್ಮಿ ಹೀಗೇ. ಅದು ಊರೂರು ತಿರುಗುವ ಮೇಳ. ರೇಸ್ ಬೇಕು ಅನ್ನೋರು ಪ್ರತಿ ವರ್ಷ ಒಂದು ದೊಡ್ಡ ಶುಲ್ಕ ಕಟ್ಟಬೇಕು. ಟಿವಿ ಪ್ರಸಾರದ ಹಣ ಫಾರ್ಮುಲಾ ಒನ್ ಕಂಪನಿಗೆ. ಟ್ರ್ಯಾಕ್ ಪಕ್ಕದ ದೊಡ್ಡ ಜಾಹೀರಾತು ಫಲಕಗಳ ಹಣವೂ ಸಾಮಾನ್ಯವಾಗಿ ಅದಕ್ಕೇ. ಸಿರಿವಂತರು ಕೂರುವ ಪ್ಯಾಡಕ್ ಕ್ಲಬ್‌ನ ಗಳಿಕೆಯೂ ಬಹುತೇಕ ಕಡೆ ಅದರದ್ದೇ. ಸ್ಥಳೀಯ ಸಂಘಟಕರ ಕೈಗೆ ಉಳಿಯೋದು ಮುಖ್ಯವಾಗಿ ಟಿಕೆಟ್ ಹಣ, ಜೊತೆಗೆ ಊಟ-ತಿಂಡಿ ಮಳಿಗೆ, ಪಾರ್ಕಿಂಗ್ ತರಹದ ಚಿಲ್ಲರೆ.

ಈಗ ನಮ್ಮ 2011ರ ಲೆಕ್ಕ ಹಾಕೋಣ. ಭಾರತದ ರೇಸಿಗೆ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಶುಲ್ಕ ಅಂತ ಆಗ ವರದಿಯಾಗಿತ್ತು. ಆಗಿನ ದರದಲ್ಲಿ ಹತ್ತಿರ ಹತ್ತಿರ 200 ಕೋಟಿ ರೂಪಾಯಿ. ಇದನ್ನ 95 ಸಾವಿರ ಜನರಿಗೆ ಹಂಚಿದರೆ ತಲೆಗೆ 21 ಸಾವಿರ ರೂಪಾಯಿ ಬೀಳುತ್ತೆ. ಅತಿ ಕಡಿಮೆ ಟಿಕೆಟ್ ಇದ್ದದ್ದು 2,500 ರೂಪಾಯಿಗೆ. ನಾವು ಮೂವರೂ ತಗೊಂಡಿದ್ದು ಅದನ್ನೇ!

ಇದು ಬರೀ ಶುಲ್ಕದ ಲೆಕ್ಕ. ಟ್ರ್ಯಾಕ್ ಕಟ್ಟೋಕೆ ಸುರಿದ ಹಣ, ಭದ್ರತೆ, ಸಿಬ್ಬಂದಿ ಎಲ್ಲ ಬೇರೆ. 65 ಸಾವಿರ ಜನ ಬಂದ ವರ್ಷ ಇದೇ ಲೆಕ್ಕ ತಲೆಗೆ 30 ಸಾವಿರ ದಾಟುತ್ತೆ. ಅಷ್ಟು ಕೊಟ್ಟು ಕೂರೋರು ಎಷ್ಟು ಜನ ಸಿಗ್ತಾರೆ?

ರೂಪಾಯಿ ಜಾರಿತು, ತೆರಿಗೆ ಏರಿತು

ಇದರ ಮೇಲೆ ಇನ್ನೆರಡು ಪೆಟ್ಟು ಬಿತ್ತು. ಶುಲ್ಕ ಕಟ್ಟೋದು ಡಾಲರ್‌ನಲ್ಲಿ, ಟಿಕೆಟ್ ಮಾರೋದು ರೂಪಾಯಿಯಲ್ಲಿ. 2011ರ ರೇಸ್ ಹೊತ್ತಿಗೆ ಡಾಲರ್‌ಗೆ 49 ರೂಪಾಯಿ ಆಸುಪಾಸು ಇತ್ತು, 2013ರ ಅಕ್ಟೋಬರ್‌ಗೆ 61 ದಾಟಿತ್ತು. ಶುಲ್ಕ ಒಂದು ಡಾಲರ್ ಕೂಡ ಏರದಿದ್ದರೂ, ಬರೀ ಇದರಿಂದಲೇ 45 ಕೋಟಿಗೂ ಹೆಚ್ಚು ಹೊರೆ.

ಎರಡನೇದು ತೆರಿಗೆ. ರೇಸ್ ಅನ್ನೋದು ಕ್ರೀಡೆಯೋ, ಮನರಂಜನೆಯೋ? ಉತ್ತರ ಪ್ರದೇಶ ಸರ್ಕಾರ ಮನರಂಜನೆ ಅಂದಿತು. ಹಾಗಾಗಿ ಸಿನಿಮಾ ಟಿಕೆಟ್ ಹಾಗೆ ಮನರಂಜನಾ ತೆರಿಗೆಯ ತಕರಾರು ಶುರುವಾಯಿತು. ಹೊರದೇಶದಿಂದ ಬರುವ ಕಾರು, ಟೈರ್, ಸಲಕರಣೆಗಳಿಗೆ ಕಸ್ಟಮ್ಸ್ ಕಾಗದಪತ್ರದ ತಲೆನೋವು ಬೇರೆ. ಕೊನೆಗೆ ಫಾರ್ಮುಲಾ ಒನ್ ಕಂಪನಿ ಇಲ್ಲಿ ಗಳಿಸಿದ ಹಣಕ್ಕೆ ಭಾರತದಲ್ಲಿ ತೆರಿಗೆ ಕಟ್ಟಬೇಕೋ ಬೇಡವೋ ಅನ್ನೋದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2017ರಲ್ಲಿ ತೀರ್ಪು ಬಂತು: ಕಟ್ಟಬೇಕು. ಆ ಹೊತ್ತಿಗೆ ರೇಸ್ ನಿಂತು ನಾಲ್ಕು ವರ್ಷ ಆಗಿತ್ತು. ಟ್ರ್ಯಾಕ್ ಕಟ್ಟಿದ ಜೇಪೀ ಸಮೂಹ ಸಾಲದಲ್ಲಿ ಮುಳುಗಿತು. 2024ರಲ್ಲಿ ಅದರ ಮುಖ್ಯ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು.

‘ಹಾಗಾದ್ರೆ ಇದು ನಮ್ಮ ದೇಶದ ಸಮಸ್ಯೆ ಅಷ್ಟೇ ಅಲ್ವಾ?’ ಅಂದಳು ತಂಗಿ. ಅಲ್ಲ. ರೇಸಿನ ತವರಲ್ಲೇ ನೋಡು ಅಂದೆ.

ತವರಲ್ಲೂ ಅದೇ ಕಥೆ

ಇಂಗ್ಲೆಂಡಿನ ಸಿಲ್ವರ್‌ಸ್ಟೋನ್. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ರೇಸ್ ನಡೆದ ಜಾಗ. ಅಲ್ಲಿ ಜನಕ್ಕೆ ಬರ ಇಲ್ಲ. 2016ರ ಭಾನುವಾರ ಸುಮಾರು 1.39 ಲಕ್ಷ ಜನ ಬಂದಿದ್ದರು. ಆದರೂ ಆ ವರ್ಷ ನಷ್ಟ 48 ಲಕ್ಷ ಪೌಂಡ್! ಅದರ ಹಿಂದಿನ ವರ್ಷ 28 ಲಕ್ಷ ಪೌಂಡ್. ಕಾರಣ, ಶುಲ್ಕ ವರ್ಷಕ್ಕೆ ಶೇ 5ರಂತೆ ಏರುವ ಒಪ್ಪಂದ. 2010ರಲ್ಲಿ 1.15 ಕೋಟಿ ಪೌಂಡ್ ಇದ್ದದ್ದು 2017ಕ್ಕೆ 1.62 ಕೋಟಿ ಆಯಿತು. ಹಾಗೇ ಬಿಟ್ಟಿದ್ದರೆ 2026ಕ್ಕೆ 2.5 ಕೋಟಿ ಮುಟ್ಟುತ್ತಿತ್ತು. 2017ರಲ್ಲಿ ಮಾಲೀಕರು ‘ನಮ್ಮಿಂದಾಗಲ್ಲ’ ಅಂತ ಒಪ್ಪಂದ ಮುರಿಯುವ ನೋಟಿಸ್ ಕೊಟ್ಟರು. ಎರಡು ವರ್ಷ ಹಗ್ಗಜಗ್ಗಾಟ ನಡೆದ ಮೇಲೆ ಹೊಸ ಒಪ್ಪಂದ ಆಯಿತು. ಈಗ ಅದು 2034ರ ತನಕ ಇದೆ.

ನೆದರ್‌ಲೆಂಡ್ಸ್‌ನ ಝಾಂಡ್‌ವೋರ್ಟ್ ಕಥೆ ಇನ್ನೂ ವಿಚಿತ್ರ. ಮ್ಯಾಕ್ಸ್ ವರ್‌ಸ್ಟಾಪನ್ ಅಲ್ಲಿನ ಮನೆಮಗ. 2021ರಲ್ಲಿ ರೇಸ್ ಮರಳಿ ಬಂದಾಗಿನಿಂದ ಸಮುದ್ರ ದಂಡೆಯ ಆ ಪುಟ್ಟ ಊರು ಕಿತ್ತಳೆ ಬಣ್ಣದಲ್ಲಿ ಮುಳುಗೇಳುತ್ತೆ. ಟಿಕೆಟ್ ಸಿಗೋದೇ ಕಷ್ಟ. ಆದರೂ 2026ರ ರೇಸೇ ಕೊನೆ ಅಂತ 2024ರ ಡಿಸೆಂಬರ್‌ನಲ್ಲಿ ಸಂಘಟಕರೇ ಹೇಳಿಬಿಟ್ಟರು. ಅದು ಪೂರ್ತಿ ಖಾಸಗಿ ಹಣದಲ್ಲಿ ನಡೆಯುವ ರೇಸ್, ಸರ್ಕಾರದ ನೆರವಿಲ್ಲ. ಒಂದೇ ಒಂದು ಮಳೆಗಾಲದ ವರ್ಷ ಅಥವಾ ವರ್‌ಸ್ಟಾಪನ್ ಇಲ್ಲದ ಒಂದು ವರ್ಷ ಬಂದರೂ ಅಂಥವರಿಗೆ ಭಾರಿ ಪೆಟ್ಟು. ಜನ ತುಂಬಿರುವಾಗಲೇ ಡೇರೆ ಕಳಚಿದರು. ಬೆಲ್ಜಿಯಂನ ಹಳೇ ಹುಲಿ ಸ್ಪಾ ಟ್ರ್ಯಾಕ್‌ನ ಹೊಸ ಒಪ್ಪಂದದಲ್ಲಿ 2028 ಮತ್ತು 2030ರಲ್ಲಿ ರೇಸ್ ಇಲ್ಲ. ಶೂಮಾಕರ್, ವೆಟ್ಟಲ್ ಹುಟ್ಟಿದ, ಮರ್ಸಿಡಿಸ್ ಕಾರು ಮಾಡುವ ಜರ್ಮನಿಗೆ 2020ರ ನಂತರ ರೇಸೇ ಹೋಗಿಲ್ಲ.

ಹರಕೆ ಆಟ ಆಡಿಸೋರು

ಯಕ್ಷಗಾನದಲ್ಲಿ ಇನ್ನೊಂದು ಬಗೆ ಇದೆ, ಹರಕೆ ಆಟ. ಅಲ್ಲಿ ಟಿಕೆಟ್ ಇಲ್ಲ. ಹರಕೆ ಹೊತ್ತ ಮನೆಯವರೇ ಮೇಳಕ್ಕೆ ಪೂರ್ತಿ ಹಣ ಕೊಡ್ತಾರೆ. ಊರವರು ಬಂದು ನೋಡಲಿ, ಮನೆಗೆ ಹೆಸರು ಬರಲಿ, ದೇವರು ಒಲಿಯಲಿ ಅಷ್ಟೇ. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಮುಂಚೆ ಬುಕ್ ಮಾಡಿ ಕಾಯ್ತಾರೆ.

ಇವತ್ತು ಫಾರ್ಮುಲಾ ಒನ್ ಡೇರೆಯಿಂದ ಹರಕೆ ಆಟದ ಕಡೆ ವಾಲಿದೆ. ಹರಕೆ ಹೊರುವವರು ಸರ್ಕಾರಗಳು. ಬಹ್ರೇನ್, ಅಬುಧಾಬಿ, ಕತಾರ್, ಸೌದಿ, ಅಜರ್‌ಬೈಜಾನ್‌ಗೆ ಟಿಕೆಟ್ ಹಣ ಮುಖ್ಯ ಅಲ್ಲ. ಜಗತ್ತಿನ ಟಿವಿಯಲ್ಲಿ ತಮ್ಮ ಊರು ಕಾಣಬೇಕು. 2011ರಲ್ಲಿ ವರ್ಷಕ್ಕೆ 19 ರೇಸ್ ಇದ್ದವು, ಈಗ 24ರವರೆಗೂ ಏರಿದೆ.

ಸಿಂಗಪುರದ್ದು ಜಾಣ ಲೆಕ್ಕ. ರೇಸಿನ ಖರ್ಚಿನಲ್ಲಿ ಸುಮಾರು ಶೇ 60ರಷ್ಟನ್ನ ಅಲ್ಲಿನ ಸರ್ಕಾರ ಹೊರುತ್ತೆ ಅಂತ ಅಧಿಕೃತವಾಗಿಯೇ ಹೇಳಿಕೊಂಡು ಬಂದಿದೆ. ಆ ಮೂರು ದಿನ ಹೋಟೆಲ್, ಮಾಲ್, ವಿಮಾನ ಎಲ್ಲ ತುಂಬುತ್ತವೆ, ಅಲ್ಲಿಂದ ಹಣ ವಾಪಸ್ ಬರುತ್ತೆ. 2022ರಲ್ಲಿ ಮೂರು ದಿನಕ್ಕೆ 3.02 ಲಕ್ಷ ಜನ ಬಂದಿದ್ದರು. ರಾತ್ರಿ ರೇಸ್, ಪಕ್ಕದಲ್ಲೇ ದೊಡ್ಡ ಗಾಯಕರ ಕಛೇರಿ, ಮೆಟ್ರೋ ಇಳಿದರೆ ಟ್ರ್ಯಾಕ್.

ಅದೇ ಪಕ್ಕದ ಮಲೇಷ್ಯಾ ನೋಡಿ. 1999ರಿಂದ ಸೆಪಾಂಗ್‌ನಲ್ಲಿ ರೇಸ್ ನಡೆಸಿದ್ದು ಸರ್ಕಾರವೇ. 2008ರಲ್ಲಿ ಸಿಂಗಪುರ ಶುರುವಾದ ಮೇಲೆ ಪ್ರವಾಸಿಗರು ಅತ್ತ ಹೊರಳಿದರು, ಸ್ಟ್ಯಾಂಡ್ ಖಾಲಿ ಹೊಡೆಯಿತು. 2017ಕ್ಕೆ ಕೈಬಿಟ್ಟರು. ಮೋಟೊಜಿಪಿ ಬೈಕ್ ರೇಸ್ ಮಾತ್ರ ಉಳಿಸಿಕೊಂಡರು. ಅದರ ಶುಲ್ಕ ಕಡಿಮೆ, ಬೈಕ್ ಅಂದ್ರೆ ಪ್ರಾಣ ಬಿಡುವ ಮಲೇಷ್ಯಾ ಹುಡುಗರು ತಾವಾಗೇ ಬಂದು ತುಂಬುತ್ತಾರೆ. ದಕ್ಷಿಣ ಕೊರಿಯಾದ ಯೊಂಗಾಮ್ ಟ್ರ್ಯಾಕ್ ಸೋಲ್ ನಗರದಿಂದ ಮುನ್ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು ದೂರ. 2010ರಲ್ಲಿ ಶುರು, 2013ಕ್ಕೆ ಬಂದ್. ನಮಗಿಂತ ಒಂದು ವರ್ಷ ಮೊದಲು ಬಂದು ನಮ್ಮ ಜೊತೆಗೇ ಹೋಯಿತು.

ಪ್ರೇಕ್ಷಕ ಬೇಕೋ, ಬೇಡವೋ?

ಹಾಗಾದ್ರೆ ಸ್ಟ್ಯಾಂಡಿನಲ್ಲಿ ಕೂರುವವನಿಗೆ ಬೆಲೆಯೇ ಇಲ್ವಾ? ನೆಟ್‌ಫ್ಲಿಕ್ಸ್, ಫ್ಯಾನ್‌ಕೋಡ್, ರೀಲ್ಸ್ ಇದ್ದರೆ ಸಾಕಾ?

ಇದಕ್ಕೆ ಕೋವಿಡ್ ಉತ್ತರ ಕೊಟ್ಟಿತು. 2020ರಲ್ಲಿ ಖಾಲಿ ಸ್ಟ್ಯಾಂಡ್ ಮುಂದೆ ರೇಸ್ ಓಡಿಸಿದರು. ಟಿವಿಯಲ್ಲಿ ಎಲ್ಲ ಬಂತು. ಆದರೆ ರೇಸ್‌ಗಳು ಕಡಿಮೆಯಾಗಿ, ಟಿಕೆಟ್ ಮಾರಲಾಗದ ಸಂಘಟಕರಿಂದ ಹಳೇ ಶುಲ್ಕ ಹುಟ್ಟದೆ, 2019ರಲ್ಲಿ 200 ಕೋಟಿ ಡಾಲರ್ ದಾಟಿದ್ದ ಫಾರ್ಮುಲಾ ಒನ್ ಆದಾಯ 115 ಕೋಟಿ ಡಾಲರ್ ಆಸುಪಾಸಿಗೆ ಕುಸಿಯಿತು. ಅಲ್ಲಿಗೆ ಗೊತ್ತಾಯಿತು, ಪ್ರೇಕ್ಷಕ ನೇರವಾಗಿ ಕಂಪನಿಗೆ ದುಡ್ಡು ಕೊಡದಿದ್ದರೂ ಇಡೀ ಡೇರೆ ನಿಂತಿರೋದು ಅವನ ಮೇಲೇ. ಸೌದಿಯವರಾಗಲಿ, ಸಿಂಗಪುರದವರಾಗಲಿ, ಖಾಲಿ ಕುರ್ಚಿಗೆ ಯಾರು ಹರಕೆ ಹೊರ್ತಾರೆ?

2017ರಲ್ಲಿ ಅಮೆರಿಕದ ಲಿಬರ್ಟಿ ಮೀಡಿಯಾ ಫಾರ್ಮುಲಾ ಒನ್ ಕೊಂಡಿತು. 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂತು. ಚಾಲಕರ ಜಗಳ, ಅಳು, ನಗು ಎಲ್ಲ ಮನೆಗೆ ಬಂದ ಮೇಲೆ ಹೊಸ ಅಭಿಮಾನಿಗಳು ಹುಟ್ಟಿಕೊಂಡರು. ನನ್ನ ತಂಗಿಯೂ ಅವರಲ್ಲೊಬ್ಬಳು. 2024ರಲ್ಲಿ ಎಲ್ಲ ರೇಸ್ ಸೇರಿ ಪ್ರೇಕ್ಷಕರ ಸಂಖ್ಯೆ 65 ಲಕ್ಷ, ಆದಾಯ 340 ಕೋಟಿ ಡಾಲರ್. ಇಷ್ಟೆಲ್ಲ ಬೆಳೆದ ಮೇಲೂ ಝಾಂಡ್‌ವೋರ್ಟ್‌ಗೆ ಭರವಸೆ ಬರಲಿಲ್ಲ ಅನ್ನೋದೇ ಇಲ್ಲಿನ ವಿಪರ್ಯಾಸ. ಬೇಡಿಕೆ ಹೆಚ್ಚಿದಷ್ಟೂ ಶುಲ್ಕ ಏರುತ್ತೆ. ಶುಲ್ಕ ಏರಿದಷ್ಟೂ ಟಿಕೆಟ್ ಏರುತ್ತೆ. ಕೊನೆಗೆ ಡೇರೆ ಹೊರಗೆ ನಿಲ್ಲೋದು ನನ್ನ ತಂಗಿಯಂಥವರು.

ಎರಡನೇ ವರ್ಷದ ಪರೀಕ್ಷೆ

ನಮ್ಮ ದೇಶದಲ್ಲಿ ಆಮೇಲೂ ಪ್ರಯತ್ನ ಆಗಿದೆ. 2023ರ ಫೆಬ್ರುವರಿಯಲ್ಲಿ ಹೈದರಾಬಾದ್‌ನ ಹುಸೇನ್ ಸಾಗರದ ದಂಡೆಯಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ನಡೆಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬುದ್ಧ ಟ್ರ್ಯಾಕ್‌ನಲ್ಲಿ ಮೋಟೊಜಿಪಿ ನಡೆದು ಬೆಝೆಕಿ ಗೆದ್ದ. ಎರಡಕ್ಕೂ 2024ರಲ್ಲಿ ಎರಡನೇ ಸಲ ಕೂಡಿಬರಲಿಲ್ಲ. ಹೈದರಾಬಾದ್‌ನಲ್ಲಿ ಸರ್ಕಾರ ಬದಲಾಯಿತು, ಹೊಸಬರು ಹಣ ಕೊಡಲು ಒಪ್ಪಲಿಲ್ಲ. ಹಳೇ ಪಾವತಿಯ ಬಗ್ಗೆ ಭ್ರಷ್ಟಾಚಾರ ನಿಗ್ರಹ ದಳದ ಪ್ರಕರಣವೂ ದಾಖಲಾಯಿತು. ಹರಕೆ ಆಟದ ಅಪಾಯ ಇದೇ ನೋಡಿ. ಮನೆ ಯಜಮಾನ ಬದಲಾದರೆ ಆಟವೂ ನಿಲ್ಲುತ್ತೆ.

ಮತ್ತೆ ಭಾರತಕ್ಕೆ ಫಾರ್ಮುಲಾ ಒನ್ ತರಬೇಕು ಅನ್ನೋ ಮಾತು ಆಗಾಗ ಕೇಳಿಬರುತ್ತೆ. ಬಂದರೆ ನನಗೂ ಖುಷಿಯೇ. ಆದರೆ ಒಂದು ಪ್ರಶ್ನೆಯನ್ನ ಮೊದಲೇ ಕೇಳಬೇಕು: ಎರಡನೇ ವರ್ಷ ಯಾರು ಬರ್ತಾರೆ?

ಮೊದಲನೇ ವರ್ಷ ಎಲ್ಲರೂ ಬರ್ತಾರೆ. ಹೊಸ ಸೊಸೆ ನೋಡೋಕೆ ಊರೆಲ್ಲ ಬಂದ ಹಾಗೆ. ಎರಡನೇ ವರ್ಷ, ಐದನೇ ವರ್ಷ ಬರೋರು ಬೇರೆ. ಅವರಿಗೆ ಆ ಆಟ ಗೊತ್ತಿರಬೇಕು, ಅವರ ಊರಿನ ಹುಡುಗನೋ ಹುಡುಗಿಯೋ ಅದರಲ್ಲಿ ಇರಬೇಕು, ಟಿಕೆಟ್ ಕೈಗೆಟುಕಬೇಕು, ರಾತ್ರಿ ಮನೆ ಸೇರೋಕೆ ರೈಲು-ಬಸ್ ಇರಬೇಕು. ಸಿಲ್ವರ್‌ಸ್ಟೋನ್ ನಷ್ಟದಲ್ಲೂ ಬದುಕಿ ಉಳಿದದ್ದು ಇದರಿಂದ. ಅಜ್ಜನ ಕಾಲದಿಂದ ಡೇರೆ-ಟೆಂಟು ಕಟ್ಟಿಕೊಂಡು ಬಂದು ಮಳೆಯಲ್ಲಿ ಕೂರುವ ಕುಟುಂಬಗಳು ಅಲ್ಲಿವೆ. ಅಂಥವರನ್ನ ಶುಲ್ಕ ಕಟ್ಟಿ ತರಿಸೋಕಾಗಲ್ಲ.

ಅಂಥವರು ನಮ್ಮಲ್ಲಿ ಹುಟ್ಟುತ್ತಿಲ್ಲ ಅಂತಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ. ಚೆನ್ನೈನವರು 2024ರಲ್ಲಿ ನಗರದ ರಸ್ತೆಯಲ್ಲೇ ರಾತ್ರಿ ರೇಸ್ ಮಾಡಿ ತೋರಿಸಿದರು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನಡೆದಾಗ ಬೇಲಿ ಪಕ್ಕ ನಿಂತು ನೋಡುವ ಜನರಿಗೇನು ಕಡಿಮೆಯೇ? ಧೂಳು ಕುಡಿದರೂ ಕದಲಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, ‘ಅಣ್ಣ, 2012ರಲ್ಲಿ ನೀವು ಮೂವರೂ ಹೋಗಿದ್ರೆ ರೇಸ್ ಉಳೀತಿತ್ತಾ?’

ಇಲ್ಲ. ಮೂರು 2,500 ಅಂದ್ರೆ 7,500 ರೂಪಾಯಿ. 200 ಕೋಟಿ ಎಲ್ಲಿ, ಇದೆಲ್ಲಿ? ಆದರೂ ಆ ಪ್ರಶ್ನೆ ಚುಚ್ಚಿತು. ನಾವು ಮೂವರೇ ಅಲ್ಲ, ನಮ್ಮ ಹಾಗೆ ‘ಒಂದ್ಸಲ ಸಾಕು’ ಅಂದುಕೊಂಡ 30 ಸಾವಿರ ಜನ ಇದ್ದೆವಲ್ಲ.

ಸಿಂಗಪುರದ ಯೋಜನೆಯನ್ನ ಅವಳು ಮುಂದಿನ ವರ್ಷಕ್ಕೆ ಹಾಕಿದ್ದಾಳೆ. ಅಷ್ಟರೊಳಗೆ ಚಿಕ್ಕಮಗಳೂರಿನ ರ‍್ಯಾಲಿಗೆ ಹೋಗೋಣ ಅಂತ ನಿರ್ಧಾರ ಆಗಿದೆ. ಈ ವರ್ಷ ಒಂದ್ಸಲ. ಮುಂದಿನ ವರ್ಷ ಇನ್ನೊಂದ್ಸಲ. ಎರಡನೇ ಸಲಕ್ಕೂ ಬರಬೇಕು ಅಂತ ನನ್ನ ಹತ್ತಿರ ಈಗಲೇ ಮಾತು ತಗೊಂಡಿದ್ದಾಳೆ.